ಟ್ರಿಕೊ ಯಾಕೆ ಹೇಳಿದ ತಕ್ಷಣ ಕೇಳುವುದಿಲ್ಲ?

ಗವಿಯೊಂದರಲ್ಲಿ ಎಚ್ಚರಗೊಂಡ ಹುಡುಗನ ಪಕ್ಕದಲ್ಲಿ ಭಾರಿ ಗಾತ್ರದ ಪ್ರಾಣಿಯೊಂದು ಬಿದ್ದುಕೊಂಡಿದೆ. ಮೈಗೆಲ್ಲ ಹಕ್ಕಿಯ ಗರಿ, ಮುಖ ನೋಡಿದರೆ ನಾಯಿಯೂ ಹೌದು ಬೆಕ್ಕೂ ಹೌದು, ಹಿಂದೆ ಉದ್ದನೆಯ ಬಾಲ. ಕೊರಳಿಗೆ ಸರಪಳಿ ಬಿಗಿದಿದೆ, ಮೈಯಲ್ಲಿ ಈಟಿ ನಾಟಿದೆ. ಹುಡುಗ ಈಟಿ ಕಿತ್ತ ಕೂಡಲೇ ಪ್ರಾಣಿ ನೋವಿಗೆ ಕೊಸರಾಡಿ ಅವನನ್ನು ಕೆಡವಿಬಿಡುತ್ತದೆ. ಅವನು ಎದ್ದು, ಅಲ್ಲೇ ಸಿಕ್ಕ ಆಹಾರದ ಪೀಪಾಯಿಯನ್ನು ಹೊತ್ತು ತಂದು ಅದರ ಮುಂದಿಡುತ್ತಾನೆ. ಅದು ಗುರುಗುಟ್ಟುತ್ತದೆ, ತಿನ್ನುವುದಿಲ್ಲ. ಆಡುವವರು ಯಾವ ಬಟನ್ ಒತ್ತಿದರೂ ಪ್ರಯೋಜನವಿಲ್ಲ. ಹುಡುಗನನ್ನು ಹಿಂದಕ್ಕೆ ನಡೆಸಿಕೊಂಡು ಹೋಗಿ ದೂರದಲ್ಲಿ ನಿಲ್ಲಿಸಬೇಕು. ಆಗ ಅದು ಕತ್ತು ಚಾಚಿ ಮೂಸುತ್ತದೆ, ಆಮೇಲೆ ತಿನ್ನುತ್ತದೆ.

ಇದು 2016ರ ಡಿಸೆಂಬರಿನಲ್ಲಿ ಪ್ಲೇಸ್ಟೇಷನ್ 4ಕ್ಕೆ ಬಂದ ‘ದಿ ಲಾಸ್ಟ್ ಗಾರ್ಡಿಯನ್’ ಎಂಬ ಜಪಾನಿ ವಿಡಿಯೊ ಗೇಮಿನ ಮೊದಲ ದೃಶ್ಯ. ಪ್ರಾಣಿಯ ಹೆಸರು ಟ್ರಿಕೊ. ಅದನ್ನು ರೂಪಿಸಿದವರು ಫುಮಿತೊ ಉಯೆದ. ‘ಇಕೊ’ (2001) ಮತ್ತು ‘ಶ್ಯಾಡೊ ಆಫ್ ದಿ ಕೊಲೊಸಸ್’ (2005) ಗೇಮುಗಳಿಂದ ಅವರು ಅದಾಗಲೇ ಹೆಸರಾಗಿದ್ದರು. ಟ್ರಿಕೊ ಕೆಲಸ 2007ರಲ್ಲಿ ಶುರುವಾಗಿ, 2009ರಲ್ಲಿ ಜಗತ್ತಿಗೆ ಘೋಷಣೆಯಾಗಿ, ಹಳೆಯ ಯಂತ್ರದಿಂದ ಹೊಸ ಯಂತ್ರಕ್ಕೆ ಬದಲಾಗಿ, ಆಡುವವರ ಕೈಗೆ ಸೇರಲು ಹತ್ತಿರ ಹತ್ತಿರ ಹತ್ತು ವರ್ಷ ಹಿಡಿಯಿತು.

ನಾನು ಸರ್ಕಾರಿ ಪಶು ಆಸ್ಪತ್ರೆಯಲ್ಲಿ ವೈದ್ಯೆ. ಹಗಲೆಲ್ಲ ಹಸು, ಎಮ್ಮೆ, ಕುರಿ, ನಾಯಿಗಳ ಜೊತೆ ಇರುವವಳು ನಾನು. ರಜೆಗೆ ಬಂದ ತಮ್ಮನ ಮಗ ತನ್ನ ಗೇಮ್ ಯಂತ್ರವನ್ನು ನಮ್ಮ ಟಿವಿಗೆ ಜೋಡಿಸಿದ ಮೇಲೆ ನನ್ನ ಸಂಜೆಗಳಿಗೂ ಪ್ರಾಣಿಗಳು ಬಂದವು. ಇವು ಲೋಕದಲ್ಲಿ ಎಲ್ಲೂ ಇಲ್ಲದ ಪ್ರಾಣಿಗಳು. ಮಾಯಾಪ್ರಾಣಿಯನ್ನು ಸಾಕುವ ಗೇಮುಗಳು ಈಗ ಬೇಕಾದಷ್ಟಿವೆ, ನಮ್ಮ ಮಕ್ಕಳು ಅವುಗಳ ಮುಂದೆ ಗಂಟೆಗಟ್ಟಲೆ ಕೂರುತ್ತಾರೆ. ಅವರು ಅಲ್ಲಿ ಆರೈಕೆ ಕಲಿಯುತ್ತಿದ್ದಾರೋ ಅಥವಾ ಬೇರೇನನ್ನೋ ಕಲಿಯುತ್ತಿದ್ದಾರೋ ಎಂಬುದನ್ನು ದೊಡ್ಡವರು ತಿಳಿದಿರಬೇಕು. ಅದಕ್ಕಾಗಿ ಈ ಬರಹ.

ಹಸಿವಿಗಿಂತ ಭಯ ದೊಡ್ಡದು

ಗವಿಯ ದೃಶ್ಯ ನೋಡುವಾಗ ನನಗೆ ನೆನಪಾದದ್ದು ನಮ್ಮ ಆಸ್ಪತ್ರೆಗೆ ಬಂದಿದ್ದ ಒಂದು ಬೀದಿನಾಯಿ. ಕಾಡುಹಂದಿಗೆಂದು ಯಾರೋ ಬೇಲಿಯಲ್ಲಿ ಒಡ್ಡಿದ್ದ ಕ್ಲಚ್ ವೈರಿನ ಉರುಳಿಗೆ ಅದರ ಕತ್ತು ಸಿಕ್ಕಿತ್ತು. ತಂತಿ ಚರ್ಮ ಕೊಯ್ದುಕೊಂಡು ಒಳಗೆ ಇಳಿದಿತ್ತು. ಮಂಪರಿನ ಇಂಜೆಕ್ಷನ್ ಕೊಟ್ಟು ತಂತಿ ಕತ್ತರಿಸಿ ತೆಗೆದು, ಗಾಯ ತೊಳೆದು ಹೊಲಿಗೆ ಹಾಕಿದೆವು. ಎಚ್ಚರವಾದ ಮೇಲೆ ಅಟೆಂಡರ್ ಹಾಲು ಅನ್ನ ಕಲೆಸಿ ತಂದು ಮುಂದಿಟ್ಟ. ನಾಯಿ ಗೋಡೆಗೆ ಒತ್ತಿಕೊಂಡು ಹಲ್ಲು ಕಿರಿಯಿತು. ಅವನು ಪಾಪ ಮರುಕದಿಂದ ಅಲ್ಲೇ ಕುಕ್ಕರಗಾಲಲ್ಲಿ ಕೂತು “ತಿನ್ನೋ ಮಾರಾಯ, ತಿನ್ನೋ” ಅಂತ ತಟ್ಟೆಯನ್ನು ಮುಂದೆ ಮುಂದೆ ತಳ್ಳುತ್ತಿದ್ದ.

“ನೀನು ಎದ್ದು ಬಾ, ಅದೇ ತಿನ್ನುತ್ತೆ” ಅಂದೆ.

“ಎರಡು ದಿನದಿಂದ ತಿಂದಿಲ್ವಂತೆ ಮೇಡಂ, ಹಸಿವಾಗಿರಲ್ವಾ?”

ಹಸಿವಾಗಿತ್ತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಗಿತ್ತು. ನಾವಿಬ್ಬರೂ ಒಳಗೆ ಹೋಗಿ ಕಿಟಕಿಯಿಂದ ನೋಡಿದೆವು. ನಾಯಿ ಮೊದಲು ಬಾಗಿಲ ಕಡೆ ನೋಡಿತು, ಆಮೇಲೆ ತಟ್ಟೆಯ ಅಂಚು ಮೂಸಿತು, ಮತ್ತೆ ಬಾಗಿಲು ನೋಡಿತು. ತಿನ್ನಲು ಶುರು ಮಾಡಿದ ಮೇಲೆ ತಟ್ಟೆ ನೆಕ್ಕಿ ಮುಗಿಸುವ ತನಕ ತಲೆ ಎತ್ತಲಿಲ್ಲ.

ಪ್ರತಿಯೊಂದು ಪ್ರಾಣಿಯ ಸುತ್ತ ಕಣ್ಣಿಗೆ ಕಾಣದ ಒಂದು ಗೆರೆ ಇರುತ್ತದೆ. ಅಪರಿಚಿತರು ಆ ಗೆರೆ ದಾಟಿದರೆ ಅದು ಓಡುತ್ತದೆ, ಓಡಲು ಜಾಗವಿಲ್ಲದಿದ್ದರೆ ಮೇಲೆ ಬೀಳುತ್ತದೆ. ಅಮೆರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ದನಗಳನ್ನು ಹೊಡೆಯದೆ ಬಡಿಯದೆ ನಡೆಸಿಕೊಂಡು ಹೋಗುವ ದಾರಿಗಳನ್ನು ರೂಪಿಸಿದ್ದು ಈ ಗೆರೆಯನ್ನು ಲೆಕ್ಕಕ್ಕೆ ಹಿಡಿದು. ಗೆರೆಯ ಅಂಚಿನಲ್ಲಿ ನಿಂತರೆ ಹಸು ನಿಧಾನವಾಗಿ ಮುಂದೆ ಸರಿಯುತ್ತದೆ, ಹಿಂದೆ ಸರಿದರೆ ನಿಲ್ಲುತ್ತದೆ. ನಂಬಿಕೆ ಬೆಳೆದಂತೆ ಗೆರೆ ಚಿಕ್ಕದಾಗುತ್ತ ಹೋಗಿ ಒಂದು ದಿನ ಇಲ್ಲವಾಗುತ್ತದೆ. ಟ್ರಿಕೊ ಮಾಡಿದವರು ಈ ಗೆರೆಯನ್ನು ಗೇಮಿನ ಮೊದಲ ನಿಮಿಷಗಳಲ್ಲೇ ಆಡುವವರ ಅನುಭವಕ್ಕೆ ತಂದುಬಿಡುತ್ತಾರೆ. ನಾನು ಹೊಸ ಸಿಬ್ಬಂದಿಗೆ ತಿಂಗಳುಗಟ್ಟಲೆ ಹೇಳಿ ಕಲಿಸುವ ಪಾಠ ಅದು.

ಕೀಲಿಕೈ ಗೊಂಚಲಿನ ಮರಿಯಿಂದ ಶುರು

ಪರದೆಯ ಮೇಲಿನ ಜೀವಕ್ಕೆ ಊಟ ಹಾಕುವ ಆಟ ಹೊಸದಲ್ಲ. 1996ರ ನವೆಂಬರಿನಲ್ಲಿ ಜಪಾನಿನ ಬಂದಾಯ್ ಕಂಪನಿ ತಮಗೋಚಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಮೊಟ್ಟೆಯಾಕಾರದ ಪುಟ್ಟ ಯಂತ್ರ, ಮೂರು ಬಟನ್, ಒಳಗೊಂದು ಮರಿ. ಹಸಿವಾದರೆ ಕೂಗುತ್ತದೆ, ಗಲೀಜು ಮಾಡಿದರೆ ತೆಗೆಯಬೇಕು, ಕಾಯಿಲೆ ಬಂದರೆ ಔಷಧಿ ಕೊಡಬೇಕು, ಮರೆತರೆ ಸಾಯುತ್ತದೆ. ಜೀವ ಸಾಕುವುದೆಂದರೆ ನಮಗೆ ಬಿಡುವಾದಾಗ ಮಾಡುವ ಕೆಲಸವಲ್ಲ, ಅದಕ್ಕೆ ಬೇಕಾದಾಗ ಮಾಡುವ ಕೆಲಸ ಎಂಬುದನ್ನು ಈ ಪುಟ್ಟ ಯಂತ್ರ ಲಕ್ಷಾಂತರ ಮಕ್ಕಳಿಗೆ ಹೇಳಿಕೊಟ್ಟಿತು.

ಅದೇ ವರ್ಷ ಇಂಗ್ಲೆಂಡಿನಲ್ಲಿ ಸ್ಟೀವ್ ಗ್ರ್ಯಾಂಡ್ ಎಂಬವರು ‘ಕ್ರೀಚರ್ಸ್’ ಎಂಬ ಗೇಮನ್ನು ಹೊರತಂದರು. ಅದರಲ್ಲಿ ನಾರ್ನ್ ಎಂಬ ಮುದ್ದುಮುಖದ ಜೀವಿಗಳು ಮೊಟ್ಟೆಯೊಡೆದು ಹುಟ್ಟುತ್ತವೆ. ಒಂದೊಂದು ನಾರ್ನ್‌ಗೂ ಸುಮಾರು 1,000 ನರಕೋಶಗಳ ಕೃತಕ ಮಿದುಳು, ಅವುಗಳ ನಡುವೆ ಸುಮಾರು 5,000 ಸಂಪರ್ಕ. ಹಸಿವು, ನೋವು, ಬೇಸರ ಎಲ್ಲವೂ ಅದರ ಮೈಯೊಳಗೆ ಏರಿಳಿಯುವ ರಾಸಾಯನಿಕಗಳು. ತಂದೆತಾಯಿಯ ವಂಶವಾಹಿಗಳು ಮರಿಗೆ ಬರುತ್ತವೆ. ಪದ ಹೇಳಿಕೊಟ್ಟರೆ ಕಲಿಯುತ್ತವೆ, ಒಳ್ಳೆಯದು ಮಾಡಿದಾಗ ಕಚಗುಳಿ ಇಟ್ಟರೆ ಅದನ್ನೇ ಮತ್ತೆ ಮಾಡುತ್ತವೆ. ರೋಗ ತಗಲುತ್ತದೆ, ಮುಪ್ಪಾಗುತ್ತದೆ, ಸಾವು ಬರುತ್ತದೆ. ಆಗಿನ ಮನೆ ಕಂಪ್ಯೂಟರಿನಲ್ಲಿ ಇಷ್ಟನ್ನು ಸಾಧಿಸಿದ್ದು ನನಗೆ ಈಗಲೂ ಬೆರಗು.

2001ರಲ್ಲಿ ಪೀಟರ್ ಮಾಲಿನ್ಯೂ ಅವರ ಲಯನ್‌ಹೆಡ್ ಸಂಸ್ಥೆಯ ‘ಬ್ಲ್ಯಾಕ್ ಆ್ಯಂಡ್ ವೈಟ್’ ಬಂತು. ಅದರಲ್ಲಿ ಆಡುವವರೇ ದೇವರು. ಹಸು, ಹುಲಿ, ವಾನರ ಈ ಮೂರರಲ್ಲಿ ಒಂದನ್ನು ಆರಿಸಿಕೊಂಡು ಬೆಳೆಸಬೇಕು. ಅದು ಬೆಟ್ಟದಂತೆ ಬೆಳೆಯುತ್ತದೆ. ಏನಾದರೂ ಮಾಡಿದ ಮೇಲೆ ಮೈ ಸವರಿದರೆ ಅದನ್ನು ರೂಢಿ ಮಾಡಿಕೊಳ್ಳುತ್ತದೆ, ಹೊಡೆದರೆ ಬಿಡುತ್ತದೆ. ಹಳ್ಳಿಗರನ್ನು ಎತ್ತಿ ಬಾಯಿಗೆ ಹಾಕಿಕೊಂಡಾಗ ಸವರಿದರೆ ಅದು ನರಭಕ್ಷಕವೇ ಆಗುತ್ತದೆ. ಪ್ರಾಣಿಯ ನಡತೆಗೆ ಸಾಕಿದವರು ಹೊಣೆ ಎಂಬುದನ್ನು ಈ ಗೇಮು ಚೆನ್ನಾಗಿ ತೋರಿಸಿತು. ಆದರೆ ಹೊಡೆತವೂ ಪ್ರೀತಿಯೂ ಒಂದೇ ಅಳತೆಯ ಎರಡು ಸಲಕರಣೆಗಳು ಎಂಬ ಅದರ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ನಿಜವಾದ ನಾಯಿಗೆ ಮೆಚ್ಚುಗೆಯಾಗಲಿ ಗದರಿಕೆಯಾಗಲಿ ಕೆಲಸ ನಡೆದ ಒಂದೆರಡು ಸೆಕೆಂಡಿನೊಳಗೆ ಸಿಕ್ಕರಷ್ಟೇ ಅದಕ್ಕೂ ಇದಕ್ಕೂ ನಂಟು ಗೊತ್ತಾಗುತ್ತದೆ. ಬೆಳಿಗ್ಗೆ ಚಪ್ಪಲಿ ಕಚ್ಚಿದ್ದಕ್ಕೆ ಸಂಜೆ ಮನೆಗೆ ಬಂದು ಹೊಡೆದರೆ ಅದು ಚಪ್ಪಲಿ ಬಿಡುವುದಿಲ್ಲ, ನಿಮ್ಮನ್ನು ಕಂಡು ಹೆದರುವುದನ್ನು ಕಲಿಯುತ್ತದೆ.

“ಅತ್ತೆ, ಇದು ಕೆಟ್ಟೋಗಿದೆ”

ಟ್ರಿಕೊ ಬಗ್ಗೆ ಬಂದ ದೊಡ್ಡ ದೂರು ಅದು ಹೇಳಿದ ಮಾತು ಕೇಳುವುದಿಲ್ಲ ಎಂಬುದು. ಗೇಮಿನ ನಡುವೆ ಹುಡುಗ ಅದಕ್ಕೆ ಹಾರು, ಅಲ್ಲಿ ಹೋಗು ಎಂದು ಸನ್ನೆ ಮಾಡುವುದನ್ನು ಕಲಿಯುತ್ತಾನೆ. ಬಟನ್ ಒತ್ತುತ್ತೇವೆ, ಹುಡುಗ ಕೈ ತೋರಿಸಿ ಕೂಗುತ್ತಾನೆ, ಟ್ರಿಕೊ ಬೇರೆ ಕಡೆ ನೋಡುತ್ತದೆ. ಕಿವಿ ಕೆರೆದುಕೊಳ್ಳುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಮನಸ್ಸು ಬಂದರೆ ಹಾರುತ್ತದೆ. ತಮ್ಮನ ಮಗ ಕಂಟ್ರೋಲರನ್ನು ಸೋಫಾ ಮೇಲೆ ಇಟ್ಟು “ಅತ್ತೆ, ಇದು ಕೆಟ್ಟೋಗಿದೆ” ಅಂದ.

“ಅದರ ಮುಂದೆ ಏನಿದೆ ನೋಡು” ಅಂದೆ.

ಅವರು ದಾಟಬೇಕಿದ್ದ ದಾರಿಯಲ್ಲಿ ಬಣ್ಣದ ಗಾಜಿನಲ್ಲಿ ಮಾಡಿದ ಕಣ್ಣಿನಾಕಾರದ ಫಲಕವೊಂದು ನಿಂತಿತ್ತು. ಟ್ರಿಕೊಗೆ ಅದನ್ನು ಕಂಡರೆ ಪ್ರಾಣಭಯ. ಅದು ತಲೆ ತಗ್ಗಿಸಿ, ಮೈ ಕುಗ್ಗಿಸಿ ಹಿಂದೆ ಹಿಂದೆ ಸರಿಯುತ್ತಿತ್ತು. ಹುಡುಗ ಎಷ್ಟು ಕೂಗಿದರೂ ಅದು ಬರುವುದಿಲ್ಲ. ಆ ಗಾಜನ್ನು ಹುಡುಗನೇ ಹೋಗಿ ಇಲ್ಲವಾಗಿಸಬೇಕು. ಅವನು ಹಾಗೆ ಮಾಡಿದ. ಟ್ರಿಕೊ ಒಂದು ಕ್ಷಣ ನಿಂತು, ಒಡೆದ ಚೂರುಗಳತ್ತ ನೋಡಿ, ಆಮೇಲೆ ನಡೆದು ಬಂತು.

ಇಂಥದ್ದು ನಮ್ಮ ಕೆಲಸದಲ್ಲಿ ಎಷ್ಟೊಂದು. ಹಸು ಲಾರಿ ಹತ್ತುವುದಿಲ್ಲ ಎಂದು ನಾಲ್ಕು ಜನ ಬಾಲ ತಿರುಚುತ್ತಿರುತ್ತಾರೆ. ಹಲಗೆಯ ಮೇಲೆ ಬಿದ್ದ ಕಪ್ಪು ನೆರಳೋ, ಗಾಳಿಗೆ ಪಟಪಟ ಬಡಿಯುವ ಪ್ಲಾಸ್ಟಿಕ್ ಹಾಳೆಯೋ ಅದನ್ನು ತಡೆದಿರುತ್ತದೆ. ಹಾಳೆ ತೆಗೆದರೆ ಹಸು ತಾನೇ ಹತ್ತುತ್ತದೆ. ಪ್ರಾಣಿ ಹಟ ಮಾಡುತ್ತಿದೆ ಎಂದು ನಾವು ಅಂದುಕೊಳ್ಳುವ ಬಹಳಷ್ಟು ಸಂದರ್ಭಗಳಲ್ಲಿ ಅದು ಹೆದರಿರುತ್ತದೆ ಅಥವಾ ನೋವಿನಲ್ಲಿರುತ್ತದೆ.

ಟ್ರಿಕೊ ತಡವಾಗಿ ಕೇಳುವುದು ಯಂತ್ರದ ದೋಷವಲ್ಲ, ಬೇಕೆಂದೇ ಹಾಗೆ ಮಾಡಿದ್ದು ಎಂದು ಉಯೆದ ಹೇಳಿದ್ದಾರೆ. ಒತ್ತಿದ ಕೂಡಲೇ ಓಡುವ ಟ್ರಿಕೊ ಬರೀ ವಾಹನವಾಗುತ್ತಿತ್ತು. ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಟ್ರಿಕೊ ಆರೋಗ್ಯ ಎಷ್ಟಿದೆ ಎಂದು ತೋರಿಸುವ ಪಟ್ಟಿ ಪರದೆಯ ಮೇಲೆ ಎಲ್ಲೂ ಇಲ್ಲ. ಬೇರೆ ಗೇಮುಗಳಲ್ಲಿ ಹಸಿರು ಗೆರೆ ಕಡಿಮೆಯಾದರೆ ಔಷಧಿ ಕೊಟ್ಟರಾಯಿತು. ಇಲ್ಲಿ ಅದರ ಕಿವಿ, ಕಣ್ಣು, ನಡಿಗೆ, ಕೂಗು ನೋಡಿಯೇ ತಿಳಿಯಬೇಕು. ದಾರಿಗೆ ಅಡ್ಡ ಬರುವ ಕಾವಲುಗಾರರ ಜೊತೆ ಹೋರಾಡಿದ ಮೇಲೆ ಅದು ರೊಚ್ಚಿನಲ್ಲೇ ಇರುತ್ತದೆ, ಶತ್ರುಗಳು ಮುಗಿದರೂ ಕಾಲು ಅಪ್ಪಳಿಸುತ್ತಲೇ ಇರುತ್ತದೆ. ಹುಡುಗ ಗರಿ ಹಿಡಿದು ಬೆನ್ನೇರಿ, ಸವರಿ ಸವರಿ ಸಮಾಧಾನ ಮಾಡಬೇಕು, ಮೈಗೆ ನಾಟಿದ ಈಟಿಗಳನ್ನು ಒಂದೊಂದಾಗಿ ಕೀಳಬೇಕು. ಗೇಮಿನ ಆರಂಭದಲ್ಲಿ ಮುರಿದಿದ್ದ ಅದರ ಕೊಂಬುಗಳು ಕತೆ ಸಾಗಿದಂತೆ ಚಿಗುರುತ್ತವೆ, ರೆಕ್ಕೆಗಳು ಬಲಿಯುತ್ತವೆ. ಗುಣವಾಗುವುದಕ್ಕೆ ಕಾಲ ಬೇಕು ಎಂಬುದನ್ನು ಅಂಕಿಯಿಲ್ಲದೆ ಹೇಳುವ ರೀತಿ ಇದು.

ಹಾಗ್ವರ್ಟ್ಸಿನ ಪ್ರಾಣಿತರಗತಿ

ಈಚೆಗೆ ಅತಿ ಹೆಚ್ಚು ಜನ ಆಡಿದ ಗೇಮುಗಳಲ್ಲಿ ‘ಹಾಗ್ವರ್ಟ್ಸ್ ಲೆಗಸಿ’ ಒಂದು. ಅವಲಾಂಚ್ ಸಾಫ್ಟ್‌ವೇರ್ ಸಂಸ್ಥೆ ತಯಾರಿಸಿದ ಇದು 2023ರ ಫೆಬ್ರುವರಿಯಲ್ಲಿ ಬಂತು, ಆ ವರ್ಷದ ಕೊನೆಯ ಹೊತ್ತಿಗೆ 2.2 ಕೋಟಿ ಪ್ರತಿ ಮಾರಾಟವಾಯಿತು. ಹ್ಯಾರಿ ಪಾಟರ್ ಕತೆಗೆ ಸುಮಾರು ನೂರು ವರ್ಷ ಹಿಂದಿನ, 1890ರ ದಶಕದ ಮಾಂತ್ರಿಕ ಶಾಲೆ ಅದರ ರಂಗಸ್ಥಳ. ಅಲ್ಲಿ ಮಾಯಾಪ್ರಾಣಿಗಳ ಆರೈಕೆಗೇ ಒಂದು ತರಗತಿ ಇದೆ. ಪ್ರೊಫೆಸರ್ ಹೋವಿನ್ ಎಂಬ ಅಧ್ಯಾಪಕಿ ಪ್ರಾಣಿಗೆ ಮೇವು ಹಾಕುವುದನ್ನೂ ಬ್ರಷ್‌ನಿಂದ ಮೈ ಉಜ್ಜುವುದನ್ನೂ ಹೇಳಿಕೊಡುತ್ತಾರೆ. ಪಾಪಿ ಸ್ವೀಟಿಂಗ್ ಎಂಬ ಸಹಪಾಠಿ ಹುಡುಗಿಯ ಕತೆ ಮನಸ್ಸು ಮುಟ್ಟುವಂಥದ್ದು. ಅವಳ ತಂದೆತಾಯಿ ಪ್ರಾಣಿಗಳ್ಳರು. ಅವಳು ಅವರನ್ನು ಬಿಟ್ಟು ಬಂದು ಪ್ರಾಣಿಗಳ ಪರ ನಿಂತವಳು.

ಮುಂದೆ ಡೀಕ್ ಎಂಬ ಮನೆಗೆಲಸದ ಎಲ್ಫ್ ಒಂದು ಮಾಯಾಚೀಲ ಕೊಡುತ್ತಾನೆ. ಕಾಡಿನಲ್ಲಿ ಕಂಡ ಪ್ರಾಣಿಯನ್ನು ಆ ಚೀಲಕ್ಕೆ ಸೆಳೆದುಕೊಂಡು ತಂದು ಶಾಲೆಯೊಳಗಿನ ಮಾಯಾವನದಲ್ಲಿ ಬಿಡಬಹುದು. ರಾತ್ರಿ ಮಾತ್ರ ಹೊರಗೆ ಬರುವ ಮೂನ್‌ಕಾಫ್, ಹೊಳೆಯುವುದನ್ನೆಲ್ಲ ಕದಿಯುವ ನಿಫ್ಲರ್, ಅರ್ಧ ಹದ್ದು ಅರ್ಧ ಕುದುರೆಯಾದ ಹಿಪ್ಪೊಗ್ರಿಫ್, ಯುನಿಕಾರ್ನ್, ಬೂದಿಯಿಂದೇಳುವ ಫೀನಿಕ್ಸ್ ಎಲ್ಲವೂ ಅಲ್ಲಿ ಸೇರುತ್ತವೆ. ಕಲಾವಿದರು ಅವನ್ನು ಮಾಡಿರುವ ರೀತಿ ಅಪ್ಪಟ ಸುಂದರ. ಕತ್ತು ಕೊಂಕಿಸುವುದು, ರೆಕ್ಕೆ ಕೊಡವುವುದು, ಬ್ರಷ್ ತಾಗಿದಾಗ ಮೈ ಒರಗಿಸುವುದು ಎಲ್ಲ ನಿಜದ ಪ್ರಾಣಿಯನ್ನು ನೋಡಿ ಕಲಿತದ್ದು.

ಆದರೆ ಲೆಕ್ಕಾಚಾರ ನೋಡಿ. ಮೇವು ಹಾಕಿ ಮೈ ಉಜ್ಜಿದರೆ ತುಪ್ಪಳವೋ ಗರಿಯೋ ಸಿಗುತ್ತದೆ. ಅದನ್ನು ಮಗ್ಗಕ್ಕೆ ಹಾಕಿದರೆ ನಿಮ್ಮ ಉಡುಪಿನ ಶಕ್ತಿ ಹೆಚ್ಚುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಂದು ಉಜ್ಜಿದರೆ ಮತ್ತೆ ಸಿಗುತ್ತದೆ. ಹೆಚ್ಚಾದ ಪ್ರಾಣಿಗಳನ್ನು ಹಾಗ್ಸ್‌ಮೀಡ್ ಊರಿನ ಅಂಗಡಿಗೆ ಕೊಟ್ಟು ಹಣ ಪಡೆಯಬಹುದು. ಈ ವನದ ಪ್ರಾಣಿಗಳಿಗೆ ಕಾಯಿಲೆಯಿಲ್ಲ, ಮುಪ್ಪಿಲ್ಲ. ಹಿಡಿಯುವಾಗ ಓಡುವ ಪ್ರಾಣಿ ಒಳಗೆ ಬಂದ ಮೇಲೆ ಯಾವತ್ತೂ ಬೇಡ ಎನ್ನುವುದಿಲ್ಲ. ಕಳ್ಳಬೇಟೆಗಾರರಿಂದ ಉಳಿಸಲು ತರುತ್ತಿದ್ದೇವೆ ಎಂದು ಕತೆ ಹೇಳುತ್ತದೆ. ಕಾಡಿನಲ್ಲಿ ನೆಮ್ಮದಿಯಾಗಿ ಮೇಯುತ್ತಿರುವ ಪ್ರಾಣಿಯನ್ನೂ ಅದೇ ಚೀಲ ಎಳೆದುಕೊಳ್ಳುತ್ತದೆ.

ಐದು ಸ್ವಾತಂತ್ರ್ಯ

ಪಶುವೈದ್ಯರಿಗೆ ಒಂದು ಅಳತೆಗೋಲಿದೆ. ಬ್ರಿಟನ್ನಿನಲ್ಲಿ 1965ರ ಬ್ರ್ಯಾಂಬೆಲ್ ಸಮಿತಿಯ ವರದಿಯಿಂದ ಮೊದಲಾಗಿ, 1979ರಲ್ಲಿ ಅಲ್ಲಿನ ಸಾಕುಪ್ರಾಣಿ ಕಲ್ಯಾಣ ಮಂಡಳಿ ಸ್ಪಷ್ಟ ರೂಪ ಕೊಟ್ಟ ಐದು ಸ್ವಾತಂತ್ರ್ಯಗಳು ಅವು. ಹಸಿವು ಬಾಯಾರಿಕೆ ಇಲ್ಲದಿರುವುದು, ಮೈಗೆ ಹಿತವಾದ ಜಾಗ ಇರುವುದು, ನೋವು ಗಾಯ ರೋಗಗಳಿಂದ ದೂರವಿರುವುದು, ತನ್ನ ಜಾತಿಗೆ ಸಹಜವಾದಂತೆ ನಡೆದುಕೊಳ್ಳಲು ಆಗುವುದು, ಭಯ ಸಂಕಟಗಳಿಲ್ಲದಿರುವುದು.

ಇದನ್ನು ಗೇಮುಗಳ ಮೇಲೆ ಇಟ್ಟು ನೋಡಿದೆ. ತಮಗೋಚಿ ಮುಖ್ಯವಾಗಿ ಹಸಿವು, ಕೊಳಕು, ಕಾಯಿಲೆಗಳ ಪಾಠ ಹೇಳುತ್ತದೆ. ನಾರ್ನ್ ರೋಗ, ಮುಪ್ಪುಗಳನ್ನು ಆಳವಾಗಿ ತೋರಿಸುತ್ತದೆ. ಹಾಗ್ವರ್ಟ್ಸಿನ ವನ ಮೊದಲ ಎರಡಕ್ಕೆ ನಿಲ್ಲುತ್ತದೆ. ಸಹಜ ನಡತೆ, ಭಯ ಎಂಬ ಕೊನೆಯ ಎರಡನ್ನು ಆಟದ ನಡುಮಧ್ಯಕ್ಕೆ ತಂದದ್ದು ಟ್ರಿಕೊ. ನನ್ನ ಅನುಭವದಲ್ಲಿ ಜನ ಮರೆಯುವುದೂ ಆ ಎರಡನ್ನೇ. ಹೊಟ್ಟೆಗೆ ಹಾಕುತ್ತೇವೆ, ಲಸಿಕೆ ಹಾಕಿಸುತ್ತೇವೆ, ಇಡೀ ದಿನ ಒಂದೂವರೆ ಅಡಿ ಚೈನಿನಲ್ಲಿ ಕಟ್ಟಿ ಹಾಕುತ್ತೇವೆ. ಆ ನಾಯಿ ಯಾಕೆ ಕಚ್ಚಿತು ಎಂದು ಕೇಳಿಕೊಂಡು ಆಸ್ಪತ್ರೆಗೆ ಬರುತ್ತೇವೆ.

ಪ್ರೀತಿ ಹಿಡಿತವಾಗಿಬಿಡುವ ಅಪಾಯ ಕಲ್ಪನೆಯಲ್ಲ. 2010ರಲ್ಲಿ ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಇಂಡಿಯಾ ಸಂಸ್ಥೆ ಭಾರತದ ಗೂಬೆ ಮಾರಾಟದ ಬಗ್ಗೆ ವರದಿ ಹೊರತಂದಿತು. ದೇಶದಲ್ಲಿ ದಾಖಲಾದ 30 ಜಾತಿಯ ಗೂಬೆಗಳಲ್ಲಿ 15 ಜಾತಿಗಳು ಕಳ್ಳ ಮಾರುಕಟ್ಟೆಯಲ್ಲಿ ಕಂಡಿದ್ದವು. ಮುಖ್ಯ ಕಾರಣ ಮಾಟಮಂತ್ರದ ಮೂಢನಂಬಿಕೆ. ಅದರ ಜೊತೆಗೆ, ಹ್ಯಾರಿ ಪಾಟರ್ ನೋಡಿ ಮಕ್ಕಳಿಗೆ ಗೂಬೆ ಕೊಡಿಸುವ ಪೇಟೆಯ ಜನರ ಆಸೆಯ ಬಗ್ಗೆಯೂ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಕಳವಳ ಹೇಳಿದ್ದರು. ಪರದೆಯ ಗೂಬೆ ಪಂಜರದಲ್ಲಿ ಸಂತೋಷವಾಗಿರುತ್ತದೆ. ನಿಜವಾದ ಗೂಬೆಗೆ ರಾತ್ರಿ ಬೇಕು, ಇಲಿ ಬೇಕು, ಹಾರಲು ಹೊಲ ಬೇಕು.

ಹಾಗೆಂದು ಮಕ್ಕಳಿಂದ ಗೇಮ್ ಕಿತ್ತುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಟ್ರಿಕೊ ಜೊತೆ ಕಳೆದ ಸಂಜೆಗಳಿಂದ ತಮ್ಮನ ಮಗ ಕಲಿತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೊಸ ಕರುವಿನ ಹತ್ತಿರ ಹೋಗುವಾಗ ಅವನು ಈಗ ಓಡುವುದಿಲ್ಲ, ಪಕ್ಕಕ್ಕೆ ಬಂದು ನಿಲ್ಲುತ್ತಾನೆ, ಕೈ ಚಾಚಿ ಅದೇ ಮೂಸಲಿ ಎಂದು ಕಾಯುತ್ತಾನೆ. ಹಾಗ್ವರ್ಟ್ಸಿನ ವನವೂ ಇರಲಿ, ಅದರ ಚೆಲುವು ಮಕ್ಕಳ ಕಣ್ಣು ತೆರೆಸುತ್ತದೆ. ಆದರೆ ಮಗುವಿನ ಪಕ್ಕ ಒಮ್ಮೆ ಕೂತು ಕೇಳಿ: ಈ ಪ್ರಾಣಿಗೆ ನೀನು ಬೇಡ ಅನ್ನಲು ಬರುತ್ತದಾ? ಬೇಡ ಅಂದಾಗ ನೀನು ಏನು ಮಾಡಿದೆ? ಈ ಮಾತು ಮನೆಯಲ್ಲಿ ನಡೆದರೆ ಯಾವ ಗೇಮಾದರೂ ಪಾಠವಾಗುತ್ತದೆ.

ಕೊನೆಯದಾಗಿ ವೈದ್ಯೆಯಾಗಿ ಒಂದು ವಿನಂತಿ. ಮಕ್ಕಳು ಕೇಳಿದರೆಂದು ಗೂಬೆ, ಗಿಳಿ, ನಕ್ಷತ್ರ ಆಮೆ ತರಬೇಡಿ. ನಮ್ಮ ಕಾಡಿನ ಈ ಜೀವಿಗಳನ್ನು ಹಿಡಿಯುವುದೂ ಮಾರುವುದೂ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಸಾಕುವ ಆಸೆ ನಿಜವಾಗಿದ್ದರೆ ನಿಮ್ಮ ಬೀದಿಯ ಒಂದು ನಾಯಿಮರಿಯನ್ನು ಮನೆಗೆ ತನ್ನಿ. ಮೊದಲ ದಿನ ಮೂಲೆಯಲ್ಲಿ ಬಚ್ಚಿಟ್ಟುಕೊಂಡರೆ ಎಳೆಯಬೇಡಿ, ತಟ್ಟೆ ಇಟ್ಟು ದೂರ ನಿಲ್ಲಿ. ಮರಿಗೆ ಮೂರು ತಿಂಗಳಾದಾಗ ಹತ್ತಿರದ ಪಶು ಆಸ್ಪತ್ರೆಗೆ ಕರೆತಂದು ರೇಬೀಸ್ ಲಸಿಕೆ ಹಾಕಿಸಿ, ಆಮೇಲೆ ವರ್ಷಕ್ಕೊಮ್ಮೆ ತಪ್ಪದೆ ಹಾಕಿಸುತ್ತಿರಿ.